ಹಳೆಯ ವ್ಯಾನಿಗೆ ಯಾವ ಕೀಲೆಣ್ಣೆ?

ನಮ್ಮ ಹಿರಿಯರು ಗಾಡಿ ಹೂಡುವ ಮುನ್ನ ಅಚ್ಚಿಗೆ ಕೀಲೆಣ್ಣೆ ಹಾಕುವುದನ್ನು ಮರೆಯುತ್ತಿರಲಿಲ್ಲ. ಎಣ್ಣೆ ಕಾಣದ ಗಾಲಿ ಊರಿಗೆಲ್ಲ ಕೇಳುವಂತೆ ಕಿರುಗುಟ್ಟಿ ಎಚ್ಚರಿಸುತ್ತಿತ್ತು. ಮೋಟಾರು ವಾಹನದ ಎಂಜಿನ್ನಾದರೋ ಮೌನವಾಗಿ ಸವೆಯುತ್ತದೆ. ಅದು ಸದ್ದು ಮಾಡತೊಡಗುವ ಹೊತ್ತಿಗೆ ಕಾಲ ಮಿಂಚಿರುತ್ತದೆ.

15–20 ವರ್ಷ ದುಡಿದ ವ್ಯಾನು ನಮ್ಮ ಹಲವು ಮನೆಗಳಲ್ಲಿ ಇನ್ನೂ ಉಂಟು. ಮಕ್ಕಳು ಶಾಲೆಗೆ ಹೋಗಿಬಂದದ್ದು, ಊರಿನಿಂದ ಬಂದ ಅಜ್ಜ-ಅಜ್ಜಿಯರನ್ನು ಓಹೇರ್ ನಿಲ್ದಾಣದಿಂದ ಕರೆತಂದದ್ದು ಅದರಲ್ಲಿಯೇ. ಈಗ ಅದನ್ನೇ ಅರ್ಬಾನಾ-ಶಾಂಪೇನಿಗೆ ಓದಲು ಹೊರಟ ಮಗನಿಗೋ ಮಗಳಿಗೋ ಒಪ್ಪಿಸುವವರಿದ್ದಾರೆ. ಜನವರಿಯ ರಾತ್ರಿ, ಹೊಲಗಳ ನಡುವಿನ 57ನೆಯ ಹೆದ್ದಾರಿಯಲ್ಲಿ ಎಂಜಿನ್ ಕೈಕೊಟ್ಟರೆ ಹಣದ ನಷ್ಟ ಸಣ್ಣದು, ಆತಂಕವೇ ದೊಡ್ಡದು. ಆದುದರಿಂದ ಈ ವಿಷಯವನ್ನು ಮೆಕ್ಯಾನಿಕ್ಕನಿಗೇ ಬಿಟ್ಟುಬಿಡದೆ ನಾವೂ ಅರಿತಿರುವುದು ಒಳಿತು.

ನಮ್ಮ ಸುತ್ತಲಿನವರಿಗೆ ಇದು ಹೊರಗಿನ ವಿದ್ಯೆಯೂ ಅಲ್ಲ. ಅಮೋಕೋ ತೈಲ ಕಂಪನಿಯ ಸಂಶೋಧನಾ ಕೇಂದ್ರ ಬಹುವರ್ಷ ನೇಪರ್‌ವಿಲ್ಲಿನಲ್ಲಿಯೇ ಇತ್ತು. ಕ್ರೈಸ್ಲರ್ ಕಂಪನಿಯ ಮೊದಲ ಮಿನಿವ್ಯಾನುಗಳು 1983ರಲ್ಲಿ ಹೊರಬಂದದ್ದು ಡೆಟ್ರಾಯಿಟ್ ನದಿಯ ಆಚೆ ದಡದ ವಿಂಡ್ಸರ್ ಕಾರ್ಖಾನೆಯಿಂದ.

ಸಂಖ್ಯೆಗಳ ಅರ್ಥ

ಡಬ್ಬಿಯ ಮೇಲೆ 5ಡಬ್ಲ್ಯೂ-30, 10ಡಬ್ಲ್ಯೂ-30 ಎಂದು ಮುದ್ರಿಸಿರುತ್ತಾರೆ. ಇವು ಎಣ್ಣೆಯ ಸ್ನಿಗ್ಧತೆಯನ್ನು, ಎಂದರೆ ಹರಿವಿಗೆ ಅದು ಒಡ್ಡುವ ಅಡ್ಡಿಯನ್ನು ಸೂಚಿಸುತ್ತವೆ. ಎಸ್.ಎ.ಇ. ಎಂಬ ಎಂಜಿನಿಯರುಗಳ ಸಂಸ್ಥೆ 1911ರಲ್ಲಿ ಈ ವರ್ಗೀಕರಣವನ್ನು ಆರಂಭಿಸಿತು. ಡಬ್ಲ್ಯೂ ಎಂದರೆ ತೂಕವೆಂದು ಅನೇಕರು ಭಾವಿಸಿದ್ದಾರೆ. ಅದು ‘ವಿಂಟರ್’ ಎಂಬುದರ ಮೊದಲಕ್ಷರ. ಅದರ ಹಿಂದಿನ ಅಂಕಿ ಚಳಿಯಲ್ಲಿನ ನಡತೆಯನ್ನು, ಮುಂದಿನದು ಬಿಸಿಯೇರಿದ ಎಂಜಿನ್ನಿನಲ್ಲಿ ಎಣ್ಣೆ ಎಷ್ಟು ದಪ್ಪವಾಗಿ ಉಳಿಯುವುದೆಂಬುದನ್ನು ತಿಳಿಸುತ್ತದೆ.

ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುವುದನ್ನು ನಾವೆಲ್ಲ ಬಲ್ಲೆವು. ಎಂಜಿನ್ ಎಣ್ಣೆ ಹಾಗೆ ಗಟ್ಟಿಯಾಗದಿದ್ದರೂ ಜೋನಿಬೆಲ್ಲದಂತೆ ಮಂದವಾಗುತ್ತದೆ. ಆಗ ಸ್ಟಾರ್ಟರು ತಿಣುಕುತ್ತದೆ, ಎಣ್ಣೆ ಬೇರಿಂಗುಗಳನ್ನು ತಲುಪುವುದು ತಡವಾಗುತ್ತದೆ, ಆ ಕ್ಷಣಗಳಲ್ಲಿ ಲೋಹ ಲೋಹವನ್ನು ಉಜ್ಜುತ್ತದೆ. ಎಂಜಿನ್ ತಿರುಗಬಲ್ಲುದೇ ಎಂಬ ಪ್ರಮಾಣಿತ ಪರೀಕ್ಷೆಯನ್ನು 10ಡಬ್ಲ್ಯೂ ಎಣ್ಣೆಗೆ ಶೂನ್ಯದ ಕೆಳಗೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, 5ಡಬ್ಲ್ಯೂ ಎಣ್ಣೆಗೆ 30 ಡಿಗ್ರಿ ಕೆಳಗೆ ನಡೆಸುತ್ತಾರೆ. ಷಿಕಾಗೋದಲ್ಲಿ 1985ರ ಜನವರಿ 20ರಂದು ಶೂನ್ಯದ ಕೆಳಗೆ 27 ಡಿಗ್ರಿ ಫ್ಯಾರನ್‌ಹೀಟ್, 2019ರ ಜನವರಿ 30ರಂದು 23 ಡಿಗ್ರಿ ದಾಖಲಾಯಿತು. ಸೆಲ್ಸಿಯಸ್‌ನಲ್ಲಿ ಸುಮಾರು 33 ಮತ್ತು 31 ಡಿಗ್ರಿ ಕೆಳಗೆ. ಬೆಂಗಳೂರಿನ ಹವೆಗೆ ಸಾಕಾಗುವ 20ಡಬ್ಲ್ಯೂ-50 ಎಣ್ಣೆ ಇಲ್ಲಿ ಏಕೆ ಸಲ್ಲದೆಂಬುದು ಇದರಿಂದ ಸ್ಪಷ್ಟ.

ಆದರೆ ತೆಳುವಾದಷ್ಟೂ ಒಳ್ಳೆಯದೆಂದೂ ಅಲ್ಲ. 30 ದರ್ಜೆಗೆಂದು ರೂಪಿಸಿದ ಹಳೆಯ ಎಂಜಿನ್ನಿಗೆ ಹೊಸ ಕಾರುಗಳ 0ಡಬ್ಲ್ಯೂ-16 ಎಣ್ಣೆ ತಕ್ಕುದಲ್ಲ. ಬಿಸಿಯಲ್ಲಿ ಅದರ ಪದರ ತೀರ ತೆಳುವಾಗಬಹುದು. ವಾಹನದ ಕೈಪಿಡಿ ಹೇಳಿದ ದರ್ಜೆಯೇ ಪ್ರಮಾಣ. ಕೈಪಿಡಿ 5ಡಬ್ಲ್ಯೂ-30, 10ಡಬ್ಲ್ಯೂ-30 ಎರಡನ್ನೂ ಒಪ್ಪಿದ್ದರೆ ನಮ್ಮ ಚಳಿಗಾಲಕ್ಕೆ ಮೊದಲನೆಯದನ್ನೇ ಆರಿಸಿಕೊಳ್ಳಿ. ಬಿಸಿಯಾದ ಮೇಲೆ ಎರಡೂ ಒಂದೇ ದರ್ಜೆಯವು.

ಗುಣಮಟ್ಟದ ಮುದ್ರೆ

ಡಬ್ಬಿಯ ಹಿಂಬದಿಯಲ್ಲಿ ಎ.ಪಿ.ಐ. ಸಂಸ್ಥೆಯ ಉಂಗುರಾಕಾರದ ಮುದ್ರೆ ಇರುತ್ತದೆ. ಪೆಟ್ರೋಲ್ ಎಂಜಿನ್ನುಗಳ ಎಣ್ಣೆಗೆ ಎಸ್ ಅಕ್ಷರದಿಂದ ಮೊದಲಾಗುವ ಗುರುತು. 2010ರಲ್ಲಿ ಎಸ್.ಎನ್., 2020ರಲ್ಲಿ ಎಸ್.ಪಿ., 2025ರಲ್ಲಿ ಎಸ್.ಕ್ಯೂ. ಬಂದವು. ಕೈಪಿಡಿಯಲ್ಲಿ ಎಸ್.ಜೆ. ಅಥವಾ ಎಸ್.ಎಲ್. ಎಂದಿದ್ದರೆ ಹೊಸ ಗುರುತಿನ ಎಣ್ಣೆಯನ್ನು ನಿಶ್ಚಿಂತೆಯಿಂದ ಬಳಸಬಹುದು. ಆದರೆ ಅಗ್ಗದ ಡಬ್ಬಿಗಳಲ್ಲಿ ಎಸ್.ಎ. ಎಂಬುದನ್ನು ಕಂಡರೆ ದೂರವಿರಿ. 1930ರ ನಂತರದ ಹೆಚ್ಚಿನ ಎಂಜಿನ್ನುಗಳಿಗೆ ಅದು ಹಾನಿಕರ.

ಹಳೆಯ ಎಂಜಿನ್ನಿನ ಅಗತ್ಯಗಳು

ವರ್ಷಗಳ ಶಾಖಕ್ಕೆ ರಬ್ಬರಿನ ಸೀಲುಗಳು ಬಿರುಸಾಗಿ ಎಣ್ಣೆ ಒಸರತೊಡಗುತ್ತದೆ. 75,000 ಮೈಲಿ ದಾಟಿದ ವಾಹನಗಳಿಗೆಂದು ಮಾರುವ ‘ಹೈ ಮೈಲೇಜ್’ ಎಣ್ಣೆಯಲ್ಲಿ ಸೀಲುಗಳನ್ನು ಮೆದುಗೊಳಿಸುವ ದ್ರವ್ಯಗಳಿರುತ್ತವೆ. ಸಣ್ಣ ಒಸರಿಗೆ ಇದು ಉಪಯುಕ್ತ. ಹರಿದ ಸೀಲನ್ನು ಯಾವ ಎಣ್ಣೆಯೂ ಹೊಲಿಯಲಾರದು. ಸಿಂಥೆಟಿಕ್ ಎಣ್ಣೆ ಹಾಕಿದರೆ ಹಳೆಯ ಎಂಜಿನ್ ಸೋರುವುದೆಂಬ ಭಯ ಇಂದಿನ ಎಣ್ಣೆಗಳಿಗೆ ಅನ್ವಯಿಸುವುದಿಲ್ಲ. ಕಡು ಚಳಿಯಲ್ಲಿ ಅದು ಬೇಗ ಹರಿಯುವುದರಿಂದ ಹೆಚ್ಚು ಬೆಲೆಗೆ ತಕ್ಕ ಫಲವುಂಟು. ವ್ಯಾನು ಎಣ್ಣೆ ಕುಡಿಯುತ್ತಿದೆಯೆಂದು ದಪ್ಪ ಎಣ್ಣೆ ಸುರಿಯುವ ಮೊದಲು ಪಿ.ಸಿ.ವಿ. ವಾಲ್ವನ್ನು ಪರೀಕ್ಷಿಸಿ. ಕೆಲವು ಡಾಲರಿನ ಆ ಭಾಗ ಕಟ್ಟಿಕೊಂಡರೂ ಎಣ್ಣೆ ಖರ್ಚಾಗುತ್ತದೆ.

ಎಣ್ಣೆ ಬದಲಿಸುವ ಅವಧಿ

1990ರ ದಶಕದ ಅನೇಕ ಕೈಪಿಡಿಗಳು ಸಾಮಾನ್ಯ ಬಳಕೆಗೆ 7,500 ಮೈಲಿ, ಕಠಿಣ ಬಳಕೆಗೆ ಸುಮಾರು 3,000 ಮೈಲಿ ಎಂದವು. ಮೆಟ್ರಾ ನಿಲ್ದಾಣಕ್ಕೆ, ಕಿರಾಣಿ ಅಂಗಡಿಗೆ ಎಂದು ಎರಡೆರಡು ಮೈಲಿ ಓಡಿಸುವುದು ಸೌಮ್ಯ ಬಳಕೆಯೆಂದು ತೋರಿದರೂ, ಚಳಿಗಾಲದಲ್ಲಿ ಅದೇ ಕಠಿಣ ಬಳಕೆ. ಎಂಜಿನ್ ಪೂರ್ತಿ ಬಿಸಿಯಾಗದೆ ನೀರಿನಂಶವೂ ಪೆಟ್ರೋಲೂ ಎಣ್ಣೆಯಲ್ಲೇ ಉಳಿದು ಕೆಸರು ಕಟ್ಟುತ್ತದೆ. ವಾರಕ್ಕೊಮ್ಮೆ ಲೆಮಾಂಟಿನ ದೇವಸ್ಥಾನದವರೆಗೆ ಓಡಿಸಿದರೆ ಎಂಜಿನ್ನಿಗೂ ಪುಣ್ಯ!

ಎಲ್ಲಕ್ಕಿಂತ ಮಿಗಿಲಾದುದು ಡಿಪ್‌ಸ್ಟಿಕ್ಕನ್ನು ನೋಡುವ ಅಭ್ಯಾಸ. ಉತ್ತಮ ಎಣ್ಣೆಯೂ ಕಡಿಮೆಯಾದರೆ ವ್ಯರ್ಥ. ಎರಡು ಗುರುತುಗಳ ನಡುವಿನ ಅಂತರ ಸಾಮಾನ್ಯವಾಗಿ ಒಂದು ಕ್ವಾರ್ಟಿನಷ್ಟು. ಸಮತಟ್ಟಾದ ನೆಲದಲ್ಲಿ, ಎಂಜಿನ್ ನಿಲ್ಲಿಸಿ ಕೆಲವು ನಿಮಿಷಗಳ ಬಳಿಕ ನೋಡಬೇಕು. ಓಡಿಸುವಾಗ ಎಣ್ಣೆಯ ಕೆಂಪು ದೀಪ ಹೊತ್ತಿದರೆ ಮುಂದಿನ ನಿರ್ಗಮನದವರೆಗೆ ಹೋಗೋಣವೆನ್ನದೆ ಕೂಡಲೇ ರಸ್ತೆಯಂಚಿಗೆ ಸರಿದು ಎಂಜಿನ್ ನಿಲ್ಲಿಸಬೇಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಮಾತು ಎಂಜಿನ್ನಿಗೂ ಸಲ್ಲುತ್ತದೆ. ವ್ಯಾನಿನ ಬೀಗದ ಕೈಯನ್ನು ಮಕ್ಕಳಿಗೆ ಕೊಡುವ ದಿನ ಡಿಪ್‌ಸ್ಟಿಕ್ ನೋಡುವುದನ್ನೂ, ಈ ದೀಪದ ಅರ್ಥವನ್ನೂ ಅವರಿಗೆ ಕಲಿಸಿಕೊಡಿ. ಹಿಂಬದಿಯಲ್ಲಿ ಒಂದು ಕ್ವಾರ್ಟ್ ಎಣ್ಣೆಯನ್ನೂ ಇಟ್ಟುಕೊಡಿ.

ಮನೆಯಲ್ಲಿಯೇ ಎಣ್ಣೆ ಬದಲಿಸುವವರು ಹಳೆಯ ಎಣ್ಣೆಯನ್ನು ಚರಂಡಿಗೆ ಚೆಲ್ಲದೆ, ಅದನ್ನು ಸ್ವೀಕರಿಸುವ ಬಿಡಿಭಾಗಗಳ ಅಂಗಡಿಗೆ ಒಪ್ಪಿಸಬೇಕೆಂದು ವಿನಂತಿ.