ಉಸ್ಮಾನಿಯಾ: ಉರ್ದುವಿನಲ್ಲಿ ವಿಜ್ಞಾನ ಕಲಿಸಿದ ವಿಶ್ವವಿದ್ಯಾಲಯ

ಹತ್ತನೇ ತರಗತಿಯವರೆಗೆ ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನ ವಿಭಾಗಕ್ಕೆ ಸೇರಿದವರಿಗೆ ಮೊದಲ ಮೂರು ತಿಂಗಳು ಹೇಗಿರುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ನಿನ್ನೆಯವರೆಗೆ ‘ದ್ಯುತಿಸಂಶ್ಲೇಷಣೆ’ ಆಗಿದ್ದದ್ದು ಇವತ್ತು ‘ಫೋಟೋಸಿಂಥೆಸಿಸ್’. ಪಾಠ ಅದೇ, ಆದರೆ ತರಗತಿಯಲ್ಲಿ ಕೈ ಎತ್ತಿ ಉತ್ತರ ಹೇಳುತ್ತಿದ್ದವರು ಹಿಂದಿನ ಬೆಂಚಿಗೆ ಸರಿಯುತ್ತಾರೆ. ಉನ್ನತ ಶಿಕ್ಷಣ ಎಂದರೆ ಇಂಗ್ಲಿಷ್ ಎಂದು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ನೂರು ವರ್ಷಗಳ ಹಿಂದೆ ಹೈದರಾಬಾದಿನ ಒಂದು ವಿಶ್ವವಿದ್ಯಾಲಯ ಈ ಮಾತನ್ನು ಒಪ್ಪಲಿಲ್ಲ. ಅದೇ ಉಸ್ಮಾನಿಯಾ ವಿಶ್ವವಿದ್ಯಾಲಯ.

ಆಗ ಹೈದರಾಬಾದ್ ನಿಜಾಮರ ಸಂಸ್ಥಾನದ ರಾಜಧಾನಿ. ಇಂದಿನ ತೆಲಂಗಾಣ, ಮರಾಠವಾಡ ಮತ್ತು ಕನ್ನಡದ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಈ ಸಂಸ್ಥಾನದಲ್ಲಿದ್ದವು. ನಗರದಲ್ಲಿ ನಿಜಾಂ ಕಾಲೇಜು ಇತ್ತು, ಆದರೆ ಅದು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಬೋಧನೆ ಇಂಗ್ಲಿಷಿನಲ್ಲಿ. 1917ರಲ್ಲಿ ಸಂಸ್ಥಾನದ ಅಧಿಕಾರಿ ಅಕ್ಬರ್ ಹೈದರಿಯವರು ಏಳನೇ ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನರಿಗೆ ಒಂದು ಮನವಿ ಸಲ್ಲಿಸಿದರು. ಪರಭಾಷೆಯಲ್ಲಿ ಓದುವ ಹುಡುಗನ ಶಕ್ತಿಯೆಲ್ಲ ಬಾಯಿಪಾಠಕ್ಕೇ ಖರ್ಚಾಗುತ್ತದೆ, ಓದಿದವರಿಗೂ ಜನಸಾಮಾನ್ಯರಿಗೂ ನಡುವೆ ಗೋಡೆ ಏಳುತ್ತದೆ ಎಂಬುದು ಅದರ ವಾದದ ಸಾರ. ಅದೇ ವರ್ಷ ಏಪ್ರಿಲ್ 26ರಂದು ನಿಜಾಮರ ಫರ್ಮಾನು ಹೊರಬಿತ್ತು. ಉರ್ದು ಬೋಧನಾ ಮಾಧ್ಯಮ, ಇಂಗ್ಲಿಷ್ ಎಲ್ಲರಿಗೂ ಕಡ್ಡಾಯ ಭಾಷೆ ಎಂದು ತೀರ್ಮಾನವಾಯಿತು. ಮೈಸೂರು ವಿಶ್ವವಿದ್ಯಾಲಯ ಅದಕ್ಕೆ ಒಂದು ವರ್ಷ ಮೊದಲು, 1916ರಲ್ಲಿ, ಆರಂಭವಾಗಿತ್ತು. ಅಲ್ಲಿ ಮಾಧ್ಯಮ ಇಂಗ್ಲಿಷೇ ಆಗಿತ್ತು.

ಫರ್ಮಾನು ಬಂತು, ಸರಿ. ಆದರೆ ಉರ್ದುವಿನಲ್ಲಿ ರಸಾಯನಶಾಸ್ತ್ರ ಕಲಿಸಲು ಪುಸ್ತಕ ಎಲ್ಲಿತ್ತು? ಹೀಗಾಗಿ ಮೊದಲು ತರಗತಿ ತೆರೆಯಲಿಲ್ಲ, ಅನುವಾದ ಕಚೇರಿ ತೆರೆದರು. ಅದರ ಹೆಸರು ದಾರುಲ್ ತರ್ಜುಮಾ. ಮುಂದೆ ‘ಬಾಬಾ-ಎ-ಉರ್ದು’ ಎಂದು ಹೆಸರಾದ ಮೌಲ್ವಿ ಅಬ್ದುಲ್ ಹಕ್ ಅದರ ಹೊಣೆ ಹೊತ್ತರು. ಕವಿ ಜೋಶ್ ಮಲೀಹಾಬಾದಿ ಕೂಡ ಕೆಲವು ಕಾಲ ಇಲ್ಲಿ ಕೆಲಸ ಮಾಡಿದರು. ಒಂದೊಂದು ವಿಷಯಕ್ಕೂ ವಿಷಯತಜ್ಞರು ಮತ್ತು ಭಾಷಾತಜ್ಞರು ಒಟ್ಟಿಗೆ ಕುಳಿತು ಪಾರಿಭಾಷಿಕ ಪದಗಳನ್ನು ನಿರ್ಧರಿಸುತ್ತಿದ್ದರು. ‘ನಬಾತ್’ ಎಂದರೆ ಗಿಡ, ಆದ್ದರಿಂದ ಸಸ್ಯಶಾಸ್ತ್ರ ‘ನಬಾತಿಯಾತ್’. ‘ಹೈವಾನ್’ ಎಂದರೆ ಪ್ರಾಣಿ, ಆದ್ದರಿಂದ ಪ್ರಾಣಿಶಾಸ್ತ್ರ ‘ಹೈವಾನಿಯಾತ್’. ಹೊಸ ಪದ ಕಟ್ಟುವ ನಿಯಮಗಳ ಬಗ್ಗೆಯೇ ವಹೀದುದ್ದೀನ್ ಸಲೀಮ್ ಒಂದು ಪುಸ್ತಕ ಬರೆದರು. ಇತಿಹಾಸ, ತತ್ವಶಾಸ್ತ್ರ, ಗಣಿತ, ಭೌತಶಾಸ್ತ್ರ, ವೈದ್ಯಕೀಯ, ಎಂಜಿನಿಯರಿಂಗ್ ಹೀಗೆ ನೂರಾರು ಪುಸ್ತಕಗಳು ಇಲ್ಲಿ ಸಿದ್ಧವಾದವು.

1919ರಲ್ಲಿ ಸುಮಾರು 225 ವಿದ್ಯಾರ್ಥಿಗಳು ಮತ್ತು 25 ಅಧ್ಯಾಪಕರೊಂದಿಗೆ ಇಂಟರ್‌ಮೀಡಿಯೆಟ್ ತರಗತಿಗಳು ಶುರುವಾದವು. ಅಂದರೆ ಅವರೂ ನಮ್ಮಂತೆಯೇ ಪಿಯುಸಿ ವಯಸ್ಸಿನವರು. ಮುಸ್ಲಿಂ ವಿದ್ಯಾರ್ಥಿಗಳಿಗೆ ದೀನಿಯಾತ್, ಇತರರಿಗೆ ನೀತಿಶಾಸ್ತ್ರದ ಪಾಠವಿತ್ತು. 1924ರಲ್ಲಿ ಮಹಿಳಾ ಕಾಲೇಜು ಆರಂಭವಾಯಿತು; ಅದು ಮುಂದೆ ಕೋಠಿಯಲ್ಲಿರುವ ಹಳೆಯ ಬ್ರಿಟಿಷ್ ರೆಸಿಡೆನ್ಸಿ ಕಟ್ಟಡಕ್ಕೆ ಬಂತು. 1929ರಲ್ಲಿ ಎಂಜಿನಿಯರಿಂಗ್ ಕಾಲೇಜೂ ಬಂತು. ವೈದ್ಯಕೀಯವನ್ನೂ ಉರ್ದುವಿನಲ್ಲೇ ಓದಿ ಡಾಕ್ಟರಾದವರು ಹೈದರಾಬಾದಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದರು.

ಇಂದು ಉಸ್ಮಾನಿಯಾ ಎಂದರೆ ಕಣ್ಣ ಮುಂದೆ ಬರುವುದು ಅಡಿಕ್‌ಮೆಟ್ ಬಳಿಯ ವಿಶಾಲ ಆವರಣದಲ್ಲಿರುವ ಆರ್ಟ್ಸ್ ಕಾಲೇಜು. 1939ರಲ್ಲಿ ಉದ್ಘಾಟನೆಯಾದ ಈ ಗುಲಾಬಿ ಛಾಯೆಯ ಗ್ರಾನೈಟ್ ಕಟ್ಟಡದ ವಾಸ್ತುಶಿಲ್ಪಿ ಬೆಲ್ಜಿಯಂನ ಅರ್ನೆಸ್ಟ್ ಜಾಸ್ಪರ್. ಮುಂಬಾಗಿಲಿನ ಎತ್ತರದ ಕಮಾನು ಇಸ್ಲಾಮೀ ಶೈಲಿಯದು, ಕಂಬಗಳಲ್ಲಿ ಅಜಂತಾ, ಎಲ್ಲೋರಾ ಗುಹೆಗಳ ನೆನಪಿದೆ. ಆ ಗುಹೆಗಳೂ ಆಗ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದವು.

ಕಟ್ಟಡದಲ್ಲಿ ಎಲ್ಲರ ಕಲೆಗೂ ಜಾಗ ಸಿಕ್ಕಿತು, ಆದರೆ ಬೋಧನೆಯಲ್ಲಿ ಎಲ್ಲರ ಭಾಷೆಗೂ ಸಿಗಲಿಲ್ಲ. ಇದನ್ನೂ ಮುಚ್ಚಿಡದೆ ಹೇಳಬೇಕು. ಸಂಸ್ಥಾನದ ಬಹುಪಾಲು ಜನರ ಮನೆಮಾತು ತೆಲುಗು, ಮರಾಠಿ ಅಥವಾ ಕನ್ನಡ. ಉರ್ದು ಆಡಳಿತದ ಮತ್ತು ನಗರದ ಭಾಷೆ. ರಾಯಚೂರಿನ ಹಳ್ಳಿಯಿಂದ ಹೋದ ಕನ್ನಡದ ಹುಡುಗನಿಗೆ ‘ನಬಾತಿಯಾತ್’ ಕೂಡ ‘ಬಾಟನಿ’ಯಷ್ಟೇ ದೂರದ ಪದವಾಗಿತ್ತು. ಹೈದರಿಯವರು ಇಂಗ್ಲಿಷಿನ ಬಗ್ಗೆ ಎತ್ತಿದ ಪ್ರಶ್ನೆಯನ್ನೇ ಆ ಹುಡುಗ ಉರ್ದುವಿನ ಬಗ್ಗೆ ಕೇಳಬಹುದಾಗಿತ್ತು. ಅಸಮಾಧಾನ ಬೇರೆ ರೂಪದಲ್ಲೂ ಹೊರಬಂತು. 1938ರಲ್ಲಿ ಹಾಸ್ಟೆಲಿನಲ್ಲಿ ವಂದೇ ಮಾತರಂ ಹಾಡುವುದನ್ನು ತಡೆದಾಗ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಹೊರಹಾಕಲ್ಪಟ್ಟ ಅನೇಕರಿಗೆ ನಾಗಪುರ ವಿಶ್ವವಿದ್ಯಾಲಯ ಜಾಗ ಕೊಟ್ಟಿತು.

ಪ್ರಶ್ನೆ ಕೇಳುವ ಈ ಗುಣ ಉಸ್ಮಾನಿಯಾದಲ್ಲಿ ಉಳಿದುಕೊಂಡಿತು. ನಿಜಾಮರ ಆಳ್ವಿಕೆಯ ವಿರುದ್ಧ ನಿಂತ ಕವಿ ಮಖ್ದೂಮ್ ಮೊಹಿಯುದ್ದೀನ್ ಇಲ್ಲಿಯೇ ಓದಿದವರು. 1969ರ ತೆಲಂಗಾಣ ಚಳವಳಿಯಲ್ಲೂ, 2009ರಲ್ಲಿ ಅದು ಮತ್ತೆ ಭುಗಿಲೆದ್ದಾಗಲೂ ಈ ಆವರಣದ ವಿದ್ಯಾರ್ಥಿಗಳೇ ಮುಂಚೂಣಿಯಲ್ಲಿದ್ದರು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತದಲ್ಲಿ ವಿಲೀನವಾಯಿತು. ಸ್ವಲ್ಪ ಕಾಲದಲ್ಲೇ ಬೋಧನಾ ಮಾಧ್ಯಮ ಇಂಗ್ಲಿಷಿಗೆ ಬದಲಾಯಿತು. ಉರ್ದುವಿನ ಜಾಗಕ್ಕೆ ತೆಲುಗು ಬರಲಿಲ್ಲ, ಮರಾಠಿ ಬರಲಿಲ್ಲ, ಕನ್ನಡವೂ ಬರಲಿಲ್ಲ. ಮೂವತ್ತು ವರ್ಷ ಕಷ್ಟಪಟ್ಟು ಸಿದ್ಧಪಡಿಸಿದ ಪಠ್ಯಗಳಿಗೆ ಓದುಗರಿಲ್ಲದಂತಾಯಿತು. 1956ರಲ್ಲಿ ರಾಜ್ಯಗಳ ಮರುವಿಂಗಡಣೆಯಾಗಿ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು, 1980ರಲ್ಲಿ ಕಲಬುರಗಿಗೆ ತನ್ನದೇ ವಿಶ್ವವಿದ್ಯಾಲಯ ಬಂತು. ಆದರೂ ಹೈದರಾಬಾದಿನ ನಂಟು ಕಡಿಯಲಿಲ್ಲ. ನಮ್ಮ ಮುಖ್ಯಮಂತ್ರಿಯಾಗಿದ್ದ ಧರಂ ಸಿಂಗ್ ಉಸ್ಮಾನಿಯಾದಲ್ಲೇ ಓದಿದವರು. ಉರ್ದು ಮಾಧ್ಯಮದ ಉನ್ನತ ಶಿಕ್ಷಣಕ್ಕೆಂದು 1998ರಲ್ಲಿ ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯ ಶುರುವಾದದ್ದೂ ಹೈದರಾಬಾದಿನಲ್ಲೇ.

ಉಸ್ಮಾನಿಯಾದ ಕಥೆ ಎರಡು ಮಾತು ಹೇಳುತ್ತದೆ. ನಮ್ಮ ಭಾಷೆಗಳಲ್ಲಿ ವಿಜ್ಞಾನ ಕಲಿಸಲಾಗದು ಎಂಬುದು ಸುಳ್ಳು. ಅದಕ್ಕೆ ಬೇಕಾದದ್ದು ಪುಸ್ತಕ, ತಾಳ್ಮೆ ಮತ್ತು ಸರ್ಕಾರದ ಬೆಂಬಲ. ಆದರೆ ಆ ಅವಕಾಶ ಒಂದೇ ಭಾಷೆಗೆ ಸಿಕ್ಕರೆ ಉಳಿದವರ ಕಷ್ಟ ಹಾಗೆಯೇ ಉಳಿಯುತ್ತದೆ.

ನಾವು ಪರೀಕ್ಷೆ ಬರೆಯುವುದು ಇಂಗ್ಲಿಷಿನಲ್ಲಿ, ಅದನ್ನು ಚೆನ್ನಾಗಿ ಕಲಿಯಲೇಬೇಕು. ಉಸ್ಮಾನಿಯಾದವರೂ ಅದನ್ನು ಬಿಟ್ಟಿರಲಿಲ್ಲ. ಆದರೆ ಅರ್ಥವಾಗದ ಪಾಠವನ್ನು ಉರು ಹೊಡೆಯುವ ಮೊದಲು ಹತ್ತನೇ ತರಗತಿಯ ಪುಸ್ತಕವನ್ನು ಒಮ್ಮೆ ತೆರೆದು ನೋಡಿ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದು ಇಂಗ್ಲಿಷ್, ಕನ್ನಡ, ಉರ್ದು ಪದಗಳನ್ನು ಬರೆದಿಟ್ಟುಕೊಳ್ಳಿ. ಉರ್ದು ಬಾರದವರು ಪಕ್ಕದ ಬೆಂಚಿನವರನ್ನು ಕೇಳಿ, ಕನ್ನಡದ ಪದ ಅವರಿಗೆ ಹೇಳಿಕೊಡಿ. ಮುಂದಿನ ವರ್ಷ ಕನ್ನಡ, ಉರ್ದು ಮಾಧ್ಯಮದಿಂದ ಬರುವವರಿಗೆ ಆ ನೋಟ್‌ಬುಕ್ ಬಳುವಳಿಯಾಗಿ ಕೊಡಬಹುದು.