ಕಾರಿನ ಥರ್ಮೋಸ್ಟಾಟ್: ಅದರ ಆಯ್ಕೆ ಮತ್ತು ಬದಲಾವಣೆ

ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು 20 ಕಿಲೋಮೀಟರು ದೂರ. ಕಾರಿನಲ್ಲಿ ಅರ್ಧ ಗಂಟೆಯ ಪ್ರಯಾಣ. ಪಾಠ ಹೇಳಲೆಂದೋ, ಕಚೇರಿಯ ಕೆಲಸಕ್ಕೆಂದೋ ದಿನವೂ ಈ ದಾರಿಯಲ್ಲಿ ಓಡಾಡುವವರು ಅನೇಕರು. ಇವರಲ್ಲಿ ಕೆಲವರ ಹಳೆಯ ಕಾರುಗಳಲ್ಲಿ ಥರ್ಮೋಸ್ಟಾಟ್ ಎಂಬ ಪುಟ್ಟ ಕವಾಟ ಇರುವುದೇ ಇಲ್ಲ. ನಮ್ಮದು ಸೆಕೆಯ ನಾಡು, ಇದು ಶೀತದೇಶದವರಿಗೆ ಬೇಕಾದ ವಸ್ತು ಎಂದು ಅದನ್ನು ಕಿತ್ತುಹಾಕುವ ರೂಢಿ ನಮ್ಮಲ್ಲಿ ಬಹುಕಾಲದಿಂದ ಉಂಟು. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪರಿಶೀಲಿಸಿ, ಕವಾಟವನ್ನು ಆರಿಸುವ ಹಾಗೂ ಬದಲಾಯಿಸುವ ಕ್ರಮವನ್ನು ಇಲ್ಲಿ ವಿವರಿಸುತ್ತೇವೆ.

ಎಂಜಿನ್ನಿನ ಸುತ್ತ ಹರಿಯುವ ನೀರು ಕಾದ ಬಳಿಕ ರೇಡಿಯೇಟರಿಗೆ ಹೋಗಿ ತಣಿದು ಹಿಂದಿರುಗಬೇಕು. ಆದರೆ ಎಂಜಿನ್ ತಣ್ಣಗಿರುವಾಗ ಈ ಹರಿವು ಬೇಡ. ಥರ್ಮೋಸ್ಟಾಟ್ ಈ ದಾರಿಯ ಬಾಗಿಲು. ಅದರೊಳಗೆ ಲೋಹದ ಒಂದು ಗುಳಿಗೆ, ಗುಳಿಗೆಯೊಳಗೆ ಮೇಣ. ನಿಶ್ಚಿತ ಉಷ್ಣತೆಯಲ್ಲಿ ಮೇಣ ಕರಗಿ ಹಿಗ್ಗುತ್ತದೆ, ಸರಳೊಂದನ್ನು ತಳ್ಳುತ್ತದೆ, ಕವಾಟ ತೆರೆಯುತ್ತದೆ. ತಣಿದಾಗ ಸುರುಳಿಯು ಅದನ್ನು ಮತ್ತೆ ಮುಚ್ಚುತ್ತದೆ. ಹಿಂದಿನ ಕಾರುಗಳಲ್ಲಿ ಸುಲಭವಾಗಿ ಆವಿಯಾಗುವ ದ್ರವವನ್ನು ತುಂಬಿದ ತಿದಿಯಾಕಾರದ ಲೋಹದ ಡಬ್ಬಿ ಈ ಕೆಲಸ ಮಾಡುತ್ತಿತ್ತು. ನೀರಿನ ಒತ್ತಡ ಹೆಚ್ಚಿದರೆ ಅದರ ಲೆಕ್ಕ ತಪ್ಪುತ್ತಿತ್ತು. ಒತ್ತಡದ ಮುಚ್ಚಳವುಳ್ಳ ರೇಡಿಯೇಟರುಗಳು ಬಳಕೆಗೆ ಬಂದ ಮೇಲೆ ಮೇಣದ ಕವಾಟವೇ ನೆಲೆಗೊಂಡಿತು.

ಕವಾಟವನ್ನು ತೆಗೆದರೆ ಆಗುವ ಮೊದಲ ಹಾನಿ ಕಣ್ಣಿಗೆ ಕಾಣುವಂಥದಲ್ಲ. ಒಂದು ಲೀಟರು ಪೆಟ್ರೋಲು ಉರಿದಾಗ ಸರಿಸುಮಾರು ಒಂದು ಲೀಟರು ನೀರು ಉಂಟಾಗುತ್ತದೆ. ಎಂಜಿನ್ ಬಿಸಿಯಾಗಿದ್ದರೆ ಅದು ಆವಿಯಾಗಿ ಹೊರಹೋಗುತ್ತದೆ. ತಣ್ಣಗಿದ್ದರೆ ಅದರಲ್ಲೊಂದು ಅಂಶ ಒಳಗೇ ಹನಿಗಟ್ಟಿ ಎಣ್ಣೆಯಲ್ಲಿ ಬೆರೆತು ಕೆಸರಾಗುತ್ತದೆ, ಆಮ್ಲವನ್ನು ಉಂಟುಮಾಡುತ್ತದೆ. ಚೆನ್ನಾಗಿ ಆವಿಯಾಗದ ಪೆಟ್ರೋಲು ಸಿಲಿಂಡರಿನ ಗೋಡೆಯ ಮೇಲಿನ ಎಣ್ಣೆಯ ಪದರವನ್ನು ತೊಳೆದುಹಾಕುತ್ತದೆ. ಮಾಗಿಯ ಬೆಳಗಿನಲ್ಲಿ ಅರ್ಧ ಗಂಟೆ ಓಡುವ ಕಾರು ಆ ಹೊತ್ತಿನ ಬಹುಭಾಗವನ್ನು ಹೀಗೆ ತಣ್ಣಗೇ ಕಳೆದರೆ, ಸವೆತವೂ ಇಂಧನದ ವ್ಯಯವೂ ದಿನದಿನಕ್ಕೆ ಕೂಡುತ್ತ ಹೋಗುತ್ತವೆ. ಇಂದಿನ ಕಾರುಗಳಲ್ಲಿ ಗಣಕವು ನೀರಿನ ಉಷ್ಣತೆಯನ್ನು ನೋಡಿಯೇ ಪೆಟ್ರೋಲನ್ನು ಅಳೆಯುತ್ತದೆ. ತಕ್ಕ ಹೊತ್ತಿನಲ್ಲಿ ನೀರು ಕಾಯದಿದ್ದರೆ ಪಿ 0128 ಎಂಬ ದೋಷಸಂಕೇತವನ್ನು ದಾಖಲಿಸುತ್ತದೆ.

ಎರಡನೆಯ ಹಾನಿ ಇನ್ನೂ ವಿಚಿತ್ರವಾದುದು. ಅನೇಕ ಎಂಜಿನ್ನುಗಳಲ್ಲಿ ನೀರು ರೇಡಿಯೇಟರನ್ನು ಮುಟ್ಟದೆ ಹಿಂದಿರುಗಲು ಒಂದು ಒಳದಾರಿಯಿದೆ. ಥರ್ಮೋಸ್ಟಾಟಿನ ಕೆಳಗಿನ ಬಿಲ್ಲೆ, ಮೇಲಿನ ಬಾಗಿಲು ತೆರೆದಂತೆ ಈ ಒಳದಾರಿಯನ್ನು ಮುಚ್ಚುತ್ತದೆ. ಕವಾಟವೇ ಇಲ್ಲದಿದ್ದರೆ ಒಳದಾರಿ ಸದಾ ತೆರೆದಿರುತ್ತದೆ. ಬಿಸಿನೀರಿನ ಒಂದು ಪಾಲು ತಣಿಯದೆಯೇ ಎಂಜಿನ್ನಿಗೆ ಮರಳುತ್ತದೆ. ಭದ್ರಾವತಿಯ ಸಮತಟ್ಟು ರಸ್ತೆಯಲ್ಲಿ ಇದು ತಿಳಿಯದು. ಸೋಮೇಶ್ವರದಿಂದ ತುಂಬಿದ ಕಾರಿನಲ್ಲಿ ಆಗುಂಬೆಯ ಘಾಟಿಯನ್ನು ಹತ್ತುವಾಗ ತಿಳಿಯುತ್ತದೆ. ತಂಪಿಗೆಂದು ತೆಗೆದದ್ದೇ ಅಲ್ಲಿ ಕುದಿತಕ್ಕೆ ಕಾರಣವಾದೀತು.

ಇನ್ನು ಆಯ್ಕೆ. ಕವಾಟದ ಮೇಲೆ 82 ಅಥವಾ 88 ಎಂಬಂಥ ಅಂಕಿ ಇರುತ್ತದೆ. ಅದು ಬಾಗಿಲು ತೆರೆಯತೊಡಗುವ ಉಷ್ಣತೆ, ಸೆಂಟಿಗ್ರೇಡಿನಲ್ಲಿ; ಪೂರ್ಣವಾಗಿ ತೆರೆಯಲು ಇನ್ನೂ ಹತ್ತು ಹನ್ನೆರಡು ಡಿಗ್ರಿ ಬೇಕು. ಈ ಅಂಕಿಯು ಎಂಜಿನ್ನಿನ ಕನಿಷ್ಠ ಉಷ್ಣತೆಯನ್ನು ನಿರ್ಧರಿಸುತ್ತದೆಯೇ ಹೊರತು ಗರಿಷ್ಠವನ್ನಲ್ಲ. ಗರಿಷ್ಠವು ರೇಡಿಯೇಟರು, ಪಂಪು, ಪಂಖಗಳಿಗೆ ಸೇರಿದ ವಿಷಯ. ರೇಡಿಯೇಟರು ಕಟ್ಟಿಕೊಂಡಿದ್ದರೆ ಕಡಿಮೆ ಅಂಕಿಯ ಕವಾಟದಿಂದ ಕುದಿತವು ಸ್ವಲ್ಪ ತಡವಾದೀತು, ನಿಲ್ಲದು. ಆದುದರಿಂದ ತಯಾರಕರು ಹೇಳಿದ ಅಂಕಿಯನ್ನೇ ಕೊಳ್ಳಬೇಕು. ವ್ಯಾಸ, ಎತ್ತರ, ಕೆಳಬಿಲ್ಲೆ ಇವು ಹಳೆಯದಕ್ಕೆ ಸರಿಹೊಂದುವುದನ್ನೂ ನೋಡಬೇಕು.

ಹೊಸದನ್ನು ಕೂರಿಸುವ ಮುನ್ನ ಪರೀಕ್ಷಿಸುವುದು ಒಳ್ಳೆಯದು. ಪಾತ್ರೆಯ ನೀರಿನಲ್ಲಿ, ತಳಕ್ಕೆ ತಾಗದಂತೆ, ಅದನ್ನು ದಾರದಿಂದ ಇಳಿಬಿಟ್ಟು, ಪಕ್ಕದಲ್ಲಿ ಉಷ್ಣಮಾಪಕವನ್ನಿಟ್ಟು ಕಾಯಿಸಬೇಕು. ಇಲ್ಲಿ ಒಂದು ಸ್ಥಳೀಯ ಸಂಗತಿಯುಂಟು. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರು ಎತ್ತರದಲ್ಲಿದೆ. ತೆರೆದ ಪಾತ್ರೆಯ ನೀರು ಇಲ್ಲಿ ಸುಮಾರು 98 ಡಿಗ್ರಿಯಲ್ಲೇ ಕುದಿಯುತ್ತದೆ. 82ರ ಕವಾಟ ಪೂರ್ಣ ತೆರೆದುದನ್ನು ಕಾಣಬಹುದು. 88ರದು ಕುದಿನೀರಿನಲ್ಲಿಯೂ ತುಸು ಅರೆತೆರೆದಂತೆ ಉಳಿದೀತು. ಅದು ಕವಾಟದ ದೋಷವಲ್ಲ. ಕಾರಿನೊಳಗೆ ಒತ್ತಡವಿರುವುದರಿಂದ ನೀರು ನೂರನ್ನು ದಾಟಿಯೂ ಕುದಿಯದೆ ಇರಬಲ್ಲುದು.

ಬದಲಾಯಿಸುವಾಗ ಎಂಜಿನ್ ಪೂರ್ತಿ ತಣಿದಿರಬೇಕು. ಬಿಸಿಯಿರುವಾಗ ಮುಚ್ಚಳ ತೆಗೆದರೆ ಒತ್ತಡದಲ್ಲಿದ್ದ ನೀರು ಒಮ್ಮೆಲೇ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಕವಾಟದ ಮನೆ ಸಾಮಾನ್ಯವಾಗಿ ರೇಡಿಯೇಟರಿನ ಮೇಲುಕೊಳವೆ ಎಂಜಿನ್ನನ್ನು ಸೇರುವಲ್ಲಿ, ಕೆಲವು ಕಾರುಗಳಲ್ಲಿ ಕೆಳಕೊಳವೆಯ ಬಳಿ ಇರುತ್ತದೆ. ಅದಕ್ಕಿಂತ ಕೆಳಗಿನ ಮಟ್ಟದವರೆಗೆ ನೀರನ್ನು ಇಳಿಸಿ, ಬೋಲ್ಟು ಬಿಚ್ಚಿ, ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಕೆರೆದು ತೆಗೆಯಬೇಕು. ಮೇಲುಕೊಳವೆಯ ಕಡೆ ಕೂರುವ ಕವಾಟದಲ್ಲಿ ಮೇಣದ ಗುಳಿಗೆ ಎಂಜಿನ್ನಿನ ಕಡೆಗಿರಬೇಕು. ಗಾಳಿ ಹೋಗುವ ಕಿರುರಂಧ್ರವಿದ್ದರೆ ಅದು ಮೇಲ್ಗಡೆಗಿರಬೇಕು. ಹೊಸ ಗ್ಯಾಸ್ಕೆಟ್ಟನ್ನೇ ಹಾಕಿ, ಬೋಲ್ಟುಗಳನ್ನು ಸಮವಾಗಿ ಬಿಗಿಯಬೇಕು. ತಯಾರಕರು ಹೇಳಿದ ಕೂಲೆಂಟನ್ನು ಭಟ್ಟಿಯಿಳಿಸಿದ ನೀರಿನೊಡನೆ ತುಂಬಿ, ಒಳಗಿನ ಗಾಳಿಯನ್ನು ಹೊರಡಿಸಬೇಕು. ಇಳಿಸಿದ ಹಳೆಯ ಕೂಲೆಂಟು ಸಿಹಿಯಾದ ವಿಷ. ದನ, ನಾಯಿಗಳು ಕುಡಿಯುವಂತೆ ಅಂಗಳದಲ್ಲಿ ಬಿಡಲಾಗದು. ಬಳಿಕ ಎಂಜಿನ್ ಚಾಲೂ ಮಾಡಿದರೆ ಮೇಲುಕೊಳವೆ ಕೆಲಕಾಲ ತಣ್ಣಗಿದ್ದು, ಅನಂತರ ಬೇಗನೆ ಬಿಸಿಯಾಗಬೇಕು. ಬಾಗಿಲು ಮುಚ್ಚಿದ್ದು, ಸಕಾಲದಲ್ಲಿ ತೆರೆಯಿತೆಂಬುದಕ್ಕೆ ಅದೇ ಸಾಕ್ಷಿ.

1923ರಲ್ಲಿ ಊದುಕುಲುಮೆ ಹೊತ್ತಿದ ಭದ್ರಾವತಿಗೆ ಇದು ಹೊಸ ಪಾಠವೇನಲ್ಲ. ಕುಲುಮೆಯ ಹೊರಗೋಡೆಯನ್ನು ನೀರಿನಿಂದ ತಣಿಸುತ್ತಲೇ ಒಳಗಿನ ಕಾವನ್ನು ಕಾಯ್ದುಕೊಳ್ಳಬೇಕು. ಎಂಜಿನ್ನಿಗೂ ಬೇಕಾದುದು ಕೇವಲ ತಂಪಲ್ಲ, ತಕ್ಕ ಕಾವು.