ಬೀಳುವ ವಿಮಾನವನ್ನು ಉಳಿಸುವ ಬಗೆ

ವಿಮಾನವೊಂದು ಬೀಳತೊಡಗಿದೆ. ಚಾಲಕನ ಕೈಯಲ್ಲಿ ಚಾಲನದಂಡವಿದೆ. ಅದನ್ನು ತನ್ನೆಡೆಗೆ ಎಳೆದರೆ ವಿಮಾನದ ಮೂತಿ ಮೇಲಕ್ಕೇಳುತ್ತದೆ. ಮುಂದಕ್ಕೆ ನೂಕಿದರೆ ಕೆಳಕ್ಕೆ ಬಾಗುತ್ತದೆ. ಅವನೀಗ ಏನು ಮಾಡಬೇಕು? ತರಗತಿಯಲ್ಲಿ ಈ ಪ್ರಶ್ನೆಯನ್ನು ಕೇಳಿದಾಗಲೆಲ್ಲ ನನಗೆ ದೊರೆಯುವ ಉತ್ತರ ಒಂದೇ: “ಎಳೆಯಬೇಕು, ಸಾರ್.” ಹಾಗೆ ಎಳೆದವರಲ್ಲಿ ಅನೇಕರು ಪ್ರಾಣ ಕಳೆದುಕೊಂಡಿದ್ದಾರೆ. ಹಾರಲು ಕಲಿಯುವವನಿಗೆ ಎಲ್ಲಕ್ಕಿಂತ ಕಠಿಣವಾದ ಪಾಠವೆಂದರೆ ಈ ಸಹಜಬುದ್ಧಿಯನ್ನು ಮೀರುವುದೇ.

ಕಾರಣವನ್ನು ತಿಳಿಯಲು ಒಂದು ಟೇಬಲ್ ಫ್ಯಾನು, ಒಂದು ತುಂಡು ರಟ್ಟು ಸಾಕು. ರಟ್ಟನ್ನು ಫ್ಯಾನಿನ ಮುಂದೆ ಮಟ್ಟಸವಾಗಿ ಹಿಡಿದು, ಗಾಳಿಗೆ ಎದುರಾದ ಅಂಚನ್ನು ತುಸುವೇ ಎತ್ತಿರಿ. ರಟ್ಟು ಕೈಯನ್ನು ಮೇಲಕ್ಕೆ ಒಯ್ಯಲು ಹವಣಿಸುತ್ತದೆ. ಎತ್ತುತ್ತಾ ಹೋಗಿ ಅದನ್ನು ಬಹುಪಾಲು ನೆಟ್ಟಗೆ ನಿಲ್ಲಿಸಿದರೆ ಅದು ಕೈಯನ್ನು ಹಿಂದಕ್ಕೆ ನೂಕುತ್ತದೆಯೇ ಹೊರತು ಮೇಲಕ್ಕೆ ಒಯ್ಯುವುದಿಲ್ಲ.

ವಿಮಾನದ ರೆಕ್ಕೆಯ ಸ್ಥಿತಿಯೂ ಇಂಥದೇ. ಎದುರಿನಿಂದ ಬರುವ ಗಾಳಿಯ ದಿಕ್ಕಿಗೂ ರೆಕ್ಕೆಗೂ ನಡುವೆ ಇರುವ ಕೋನವನ್ನು ನಾವು ಇಲ್ಲಿ ‘ಎದುರುಕೋನ’ ಎಂದು ಕರೆಯೋಣ. ಅದು ಹೆಚ್ಚಿದಂತೆ ಎತ್ತುಬಲವೂ ಹೆಚ್ಚುತ್ತದೆ. ಆದರೆ ಸುಮಾರು 15 ಡಿಗ್ರಿಗಳವರೆಗೆ ಮಾತ್ರ. ಅಲ್ಲಿಯತನಕ ರೆಕ್ಕೆಯ ಮೇಲ್ಮೈಯನ್ನು ಅಂಟಿಕೊಂಡು ಹರಿಯುತ್ತಿದ್ದ ಗಾಳಿಯು ಅದರಾಚೆಗೆ ಬಾಗಲಾರದೆ, ಮೇಲ್ಮೈಯನ್ನು ಬಿಟ್ಟು ಸುಳಿಸುಳಿಯಾಗಿ ಚೆದುರುತ್ತದೆ. ಎತ್ತುಬಲವು ಒಮ್ಮೆಗೇ ಕುಸಿಯುತ್ತದೆ. ಇದನ್ನೇ ವೈಮಾನಿಕರು ‘ಸ್ಟಾಲ್’ ಎನ್ನುವುದು. ಎಂಜಿನ್ ನಿಂತುಹೋಯಿತೆಂದು ಇದರ ಅರ್ಥವಲ್ಲ; ಎಂಜಿನ್ ಪೂರ್ಣಶಕ್ತಿಯಿಂದ ಗರ್ಜಿಸುತ್ತಿರುವಾಗಲೂ ರೆಕ್ಕೆ ಸ್ಟಾಲ್ ಆಗಬಹುದು. ಆಗ ದಂಡವನ್ನು ಎಳೆದರೆ ಎದುರುಕೋನ ಇನ್ನೂ ಹೆಚ್ಚಿ ಸುಳಿಗಳು ಇನ್ನೂ ಬಲಿಯುತ್ತವೆ. ಮುಂದಕ್ಕೆ ನೂಕಿದರೆ ಕೋನ ತಗ್ಗಿ, ಗಾಳಿಯು ಮತ್ತೆ ರೆಕ್ಕೆಯನ್ನು ಅಂಟಿ ಹರಿಯುತ್ತದೆ. ಬೀಳುತ್ತಿರುವವನು ಮೂತಿಯನ್ನು ನೆಲದತ್ತ ತಿರುಗಿಸಿಯೇ ಬದುಕಬೇಕು!

ಜರ್ಮನಿಯ ಓಟೊ ಲಿಲಿಯೆಂತಾಲ್ ಎಂಜಿನ್ನಿಲ್ಲದ ರೆಕ್ಕೆಗಳನ್ನು ತೊಟ್ಟು ಗುಡ್ಡಗಳಿಂದ ಎರಡು ಸಾವಿರಕ್ಕೂ ಹೆಚ್ಚು ಬಾರಿ ತೇಲಿ ಇಳಿದ ಸಾಹಸಿ. 1896ರ ಆಗಸ್ಟ್ 9ರಂದು ಅವನ ಯಂತ್ರವು ಮೂತಿಯೆತ್ತಿ, ಗಾಳಿಯಲ್ಲಿ ನಿಂತಂತಾಗಿ, ಸುಮಾರು 15 ಮೀಟರ್ ಎತ್ತರದಿಂದ ಬಿದ್ದಿತು. ಮರುದಿನ ಅವನು ತೀರಿಕೊಂಡನು.

ಇಂದಿನ ವಿದ್ಯಾರ್ಥಿಯು ಈ ಪಾಠವನ್ನು ಎತ್ತರದಲ್ಲಿ, ಶಿಕ್ಷಕನ ಸಮ್ಮುಖದಲ್ಲಿ ಕಲಿಯುತ್ತಾನೆ. 1931ರಲ್ಲಿ ಮೊದಲು ಹಾರಿದ ಬ್ರಿಟನ್ನಿನ ‘ಟೈಗರ್ ಮಾತ್’, 1951ರ ಆಗಸ್ಟ್ 5ರಂದು ಬೆಂಗಳೂರಿನಲ್ಲೇ ಮೊದಲು ಹಾರಿದ ನಮ್ಮ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯ ‘ಎಚ್‌ಟಿ-2’, 1955ರಿಂದ ಹಾರುತ್ತಿರುವ ಅಮೆರಿಕದ ‘ಸೆಸ್ನಾ 172’, ಇವೆಲ್ಲ ಹೆಸರುವಾಸಿಯಾದದ್ದು ವೇಗದಿಂದಲ್ಲ, ಕಲಿಯುವವರನ್ನು ಹೊತ್ತು ಹಾರಿದ್ದರಿಂದ. ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2ನಲ್ಲಿ ನಮ್ಮ ವಾಯುಪಡೆಯ ಎಷ್ಟೋ ಮಂದಿ ಮೊದಲ ಪಾಠ ಕಲಿತರು.

ಪಾಠದ ಕ್ರಮ ಹೀಗೆ. ಕೆಲವು ಸಾವಿರ ಅಡಿ ಮೇಲೇರಿ ಎಂಜಿನ್ನಿನ ಶಕ್ತಿಯನ್ನು ತಗ್ಗಿಸುತ್ತಾರೆ. ಎತ್ತುಬಲವು ವೇಗದ ವರ್ಗವನ್ನು ಅವಲಂಬಿಸಿರುವುದರಿಂದ, ವೇಗ ಇಳಿದಂತೆ ಎತ್ತರವನ್ನು ಕಾಯ್ದುಕೊಳ್ಳಲು ದಂಡವನ್ನು ಎಳೆಯುತ್ತಲೇ ಹೋಗಬೇಕು. ಗಾಳಿಯ ಸದ್ದು ಅಡಗುತ್ತದೆ, ದಂಡ ಸಡಿಲವೆನಿಸುತ್ತದೆ, ವಿಮಾನವು ಅದುರುತ್ತದೆ, ಮೂತಿ ತಾನಾಗಿ ಕುಸಿಯುತ್ತದೆ. ವಿದ್ಯಾರ್ಥಿ ಒಡನೆಯೇ ದಂಡವನ್ನು ಮುಂದಕ್ಕೆ ಒತ್ತಿ, ಎಂಜಿನ್ನಿಗೆ ಶಕ್ತಿ ಕೊಟ್ಟು, ಬಳಿಕ ಮೆಲ್ಲನೆ ಮಟ್ಟಕ್ಕೆ ತರಬೇಕು. ಇಷ್ಟರಲ್ಲಿ ಕೆಲವು ನೂರು ಅಡಿ ಕಳೆದುಹೋಗಿರುತ್ತದೆ.

ಸ್ಟಾಲ್ ಆಗುವ ವೇಗ ಒಂದೇ ಎಂದು ಭಾವಿಸಬಾರದು. ಸೆಸ್ನಾ 172 ನೇರವಾಗಿ ಹಾರುವಾಗ ಅದು ಗಂಟೆಗೆ ಸುಮಾರು 90 ಕಿಲೋಮೀಟರ್. ಎತ್ತರ ಕೆಡದಂತೆ 60 ಡಿಗ್ರಿ ವಾಲಿ ತಿರುಗುವಾಗ ರೆಕ್ಕೆಗಳು ವಿಮಾನದ ತೂಕದ ಎರಡರಷ್ಟು ಬಲ ಒದಗಿಸಬೇಕು. ಎರಡರ ವರ್ಗಮೂಲ 1.41, ಆದುದರಿಂದ ಆಗ 127 ಕಿಲೋಮೀಟರ್ ವೇಗದಲ್ಲೇ ಸ್ಟಾಲ್ ಆಗುತ್ತದೆ. ಇಳಿಯುವ ಮುನ್ನ ಓಡುದಾರಿಯ ಕಡೆಗೆ ಅವಸರದಿಂದ ಕಡಿದಾಗಿ ತಿರುಗುವವರಿಗೆ ಈ ಲೆಕ್ಕವೇ ಮುಳುವಾಗುತ್ತದೆ. ಅಲ್ಲಿ ಕಳೆದುಕೊಳ್ಳಲು ನೂರಾರು ಅಡಿ ಉಳಿದಿರುವುದಿಲ್ಲ.

ಪಾಠವನ್ನು ಕಲಿತವರೂ ಮರೆಯಬಲ್ಲರು. 2009ರ ಜೂನ್ 1ರಂದು ರಿಯೋ ಡಿ ಜನೈರೋದಿಂದ ಪ್ಯಾರಿಸಿಗೆ ಹೊರಟಿದ್ದ ಏರ್ ಫ್ರಾನ್ಸ್ 447 ಎಂಬ ವಿಮಾನದಲ್ಲಿ, ವೇಗವನ್ನು ಅಳೆಯುವ ನಳಿಗೆಗಳು ಹಿಮದ ಹರಳುಗಳಿಂದ ಸ್ವಲ್ಪ ಹೊತ್ತು ಕಟ್ಟಿಕೊಂಡವು. ಸ್ವಯಂಚಾಲಕವು ಕೆಲಸ ಬಿಟ್ಟಿತು. ಕತ್ತಲು, ಕೆಳಗೆ ಅಟ್ಲಾಂಟಿಕ್ ಸಾಗರ. ಸಹಚಾಲಕನು ದಂಡವನ್ನು ಎಳೆದನು. ವಿಮಾನವು ಸುಮಾರು 38,000 ಅಡಿಗೇರಿ ಸ್ಟಾಲ್ ಆಯಿತು. ಎಚ್ಚರಿಕೆಯ ಧ್ವನಿ ಮತ್ತೆ ಮತ್ತೆ ಮೊಳಗಿತು, ಎಂಜಿನ್ನುಗಳು ಸುಸ್ಥಿತಿಯಲ್ಲಿದ್ದವು, ಮೂತಿ ಮಾತ್ರ ಬಹುತೇಕ ಮೇಲಕ್ಕೇ ಇದ್ದಿತು. ಮೂರೂವರೆ ನಿಮಿಷಗಳಲ್ಲಿ ಅದು ಸಾಗರಕ್ಕೆ ಬಿದ್ದು 228 ಮಂದಿ ಮಡಿದರು. ಆ ಚಾಲಕನನ್ನು ಮೂರ್ಖನೆನ್ನಲು ನನಗೆ ಮನಸ್ಸಿಲ್ಲ. ಬೆಳಗಿನ ತಿಳಿಯಾದ ಆಕಾಶದಲ್ಲಿ, ಮೊದಲೇ ಹೇಳಿ ಮಾಡಿಸುವ ಸ್ಟಾಲ್ ಬೇರೆ, ಕತ್ತಲಿನಲ್ಲಿ ತಾನಾಗಿ ಬಂದೆರಗುವ ಸ್ಟಾಲ್ ಬೇರೆ. ಆ ಬಳಿಕ ದೊಡ್ಡ ವಿಮಾನಗಳ ತರಬೇತಿಯಲ್ಲಿಯೂ, ಎತ್ತರ ಕಳೆದರೂ ಚಿಂತೆಯಿಲ್ಲ, ಮೊದಲು ಎದುರುಕೋನವನ್ನು ತಗ್ಗಿಸಬೇಕೆಂಬ ವಿಧಿಗೆ ಹೆಚ್ಚು ಒತ್ತು ದೊರೆಯಿತು.

ನಮ್ಮ ದೇಶದಲ್ಲಿ ಖಾಸಗಿ ಚಾಲಕನ ಪರವಾನಗಿಗೆ 17 ವರ್ಷ ತುಂಬಿರಬೇಕು, ಕನಿಷ್ಠ 40 ಗಂಟೆ ಹಾರಿರಬೇಕು. ಅದರಲ್ಲಿ ಕೆಲವು ಗಂಟೆ ಒಬ್ಬಂಟಿಯಾಗಿ. ಟೈಗರ್ ಮಾತ್‌ನಲ್ಲಿ ಶಿಕ್ಷಕನು ಮುಂದೆ, ವಿದ್ಯಾರ್ಥಿಯು ಹಿಂದೆ ಕೂರುತ್ತಿದ್ದರು. ಮಾತುಕತೆಯೆಲ್ಲ ಒಂದು ಕೊಳವೆಯ ಮೂಲಕ. ಸ್ಟಾಲ್‌ನಿಂದ ಹೊರಬರಲು ಕಲಿತನೆಂದು ಖಚಿತವಾದ ಮೇಲೆ, ಒಂದು ದಿನ ಶಿಕ್ಷಕನು ಮುಂದಿನ ಪೀಠದಿಂದಿಳಿದು ಹುಲ್ಲಿನ ಮೇಲೆ ನಿಲ್ಲುತ್ತಿದ್ದನು. ಮುಂದಿನ ಪೀಠ ಖಾಲಿ, ಕೊಳವೆಯಲ್ಲಿ ಮಾತಿಲ್ಲ.